ಏಳು ಹಸಿರು ಸುಳಿ

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮೊದಲು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಬಸ್ಸು ವಿಜಾಪುರ ದಾಟುವಷ್ಟರಲ್ಲಿ ಎದ್ದು ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಂತುಬಿಟ್ಟಳು. ಹಸೀನಾ ತಿರುಗಿ ನೋಡಲಿಲ್ಲ. ತೊಡೆಯ ಮೇಲಿದ್ದ ಥರ್ಮಾಸಿನ ಮುಚ್ಚಳವನ್ನು ಸುಮ್ಮನೆ ತಿರುಗಿಸಿ ಗಟ್ಟಿ ಮಾಡಿದಳು. ಇವತ್ತು ಹಿಟ್ಟಿನ ಚೀಲ ತಂದಿರಲಿಲ್ಲ. ಬೆಳಿಗ್ಗೆ ಸೀಗೆಪುಡಿ ಹಚ್ಚಿ ಎರಡು ಸಲ ಕೈ ತಿಕ್ಕಿಕೊಂಡಿದ್ದಳು, ಉಗುರುಸಂದಿಯನ್ನು ನಿಂಬೆಹೋಳಿನಿಂದ ಉಜ್ಜಿದ್ದಳು. ಆದರೂ ಬರುತ್ತಿದೆಯೇ? ತನಗೆ ಈಗೀಗ ಗೊತ್ತೇ ಆಗುತ್ತಿರಲಿಲ್ಲ. ಮೂಗು ಅದಕ್ಕೆ ಒಗ್ಗಿಹೋಗಿತ್ತು. ತನ್ನ ಮೈಯ ನಾತ ತನಗೇ ತಿಳಿಯದಿರುವುದು ಒಂದು ಬಗೆಯ ಕುರುಡು ಅನ್ನಿಸಿ, ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿದ್ದುದರಿಂದ, ಅವಳು ಅದನ್ನು ಅಲ್ಲಿಗೇ ಬಿಟ್ಟು ರಸ್ತೆಬದಿಯ ಜಾಲಿಗಿಡಗಳನ್ನು ನೋಡತೊಡಗಿದಳು.

ಮೀನಿನ ಹಿಟ್ಟಿನ ನಾತ ಅದು. ಕಾರವಾರದ ಕಡೆಯಿಂದ ಗೋಣಿಚೀಲಗಳಲ್ಲಿ ಬರುತ್ತಿತ್ತು. ಒಣಮೀನನ್ನು ಕುಟ್ಟಿದ ಕಂದು ಪುಡಿ. ಅದಕ್ಕೆ ನೀರು ಚಿಮುಕಿಸಿ ಎಳೆಯ ಜೋಳದ ಸಾಲುಗಳ ನಡುವೆ ಉದುರಿಸಿದರೆ ಎಲ್ಲೆಲ್ಲಿಂದಲೋ ಸುಳಿನೊಣಗಳು ಬರುತ್ತಿದ್ದವು. ಬರಬೇಕು ಎಂದೇ ಉದುರಿಸುವುದು. ನೊಣ ಬಂದು, ಎಲೆಯ ಹಿಂಬದಿಯಲ್ಲಿ ಬಿಳಿಯ ಮೊಟ್ಟೆಯಿಟ್ಟು, ಮೊಟ್ಟೆಯೊಡೆದ ಹುಳು ಬೆಳಗಿನ ಇಬ್ಬನಿಯಲ್ಲಿ ಜಾರಿ ಸುಳಿಯೊಳಗೆ ಇಳಿದು ಬುಡ ಕತ್ತರಿಸಿದ ಮೇಲೆ, ನೂರು ಬಗೆಯ ಜೋಳದಲ್ಲಿ ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ ಎಂದು ಹಸೀನಾ ಎಣಿಸಬೇಕು. ಉಳಿದದ್ದರ ರಸದಲ್ಲಿ ಹುಳುವಿನ ಹೊಟ್ಟೆಯನ್ನು ಕಟ್ಟಿಹಾಕುವ ಪ್ರೋಟೀನೊಂದು ಇದೆ ಎಂಬುದು ಅವಳ ನಂಬಿಕೆ. ದಿಲ್ಲಿಯಲ್ಲಿ ಎರಡು ವರ್ಷ ಅದನ್ನೇ ಕಲಿತು ಬಂದಿದ್ದಳು. ಎಲೆಯ ಬುಡವನ್ನು ಮಂಜುಗಡ್ಡೆಯಲ್ಲಿಟ್ಟು ಅರೆದು, ಪಿಷ್ಟದ ಲೋಳೆಯ ಹಲಗೆಯ ಮೇಲೆ ಬಿಟ್ಟು, ವಿದ್ಯುತ್ತು ಹಾಯಿಸಿದರೆ ಒಂದೊಂದು ಪ್ರೋಟೀನೂ ತನ್ನ ಗಾತ್ರ, ವಿದ್ಯುದಂಶಗಳಿಗೆ ತಕ್ಕಷ್ಟು ದೂರ ನಡೆದು ನಿಲ್ಲುತ್ತದೆ. ಬಣ್ಣ ಹಾಕಿದಾಗ ನೀಲಿ ಪಟ್ಟಿಗಳು ಮೂಡುತ್ತವೆ. ಉಳಿದ ಗಿಡದಲ್ಲಿ ಮಾತ್ರ ಇರುವ, ಸತ್ತ ಗಿಡದಲ್ಲಿ ಇಲ್ಲದ ಒಂದೇ ಒಂದು ಪಟ್ಟಿ ಅವಳಿಗೆ ಬೇಕಾಗಿತ್ತು. ವಿಜಾಪುರದ ಹೊರಗಿನ, ಅವಳು ಕೆಲಸ ಮಾಡುವ ಎರಡು ಕೋಣೆಯ ಪ್ರಯೋಗಶಾಲೆಯಲ್ಲಿ ಇಷ್ಟು ದಿನವೂ ಅದು ಮೂಡಿರಲಿಲ್ಲ.

ಅವಳ ಅಬ್ಬಾ ಸೈಫುದ್ದೀನರದು ಜೋರಾಪುರ ಪೇಟೆಯಲ್ಲಿ ಅತ್ತರಿನ ಪುಟ್ಟ ಅಂಗಡಿ. ಮೂವತ್ತೊಂದು ದಾಟಿದರೂ ಮದುವೆಯಾಗದ ಮಗಳು ಸಂಜೆ ಮನೆಗೆ ಬಂದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟರೆ ಓಣಿಯ ಬೆಕ್ಕುಗಳು ಬಂದು ಆ ಚಪ್ಪಲಿಯನ್ನು ಮೂಸುತ್ತಿದ್ದವು. ಅಬ್ಬಾ ಒಂದು ದಿನವೂ ಏನೂ ಅಂದಿರಲಿಲ್ಲ. ಒಮ್ಮೆ ಮಾತ್ರ ಪ್ರಯೋಗಶಾಲೆಯಲ್ಲಿ ಕೈಚೀಲ ತೆಗೆದಾಗ ಖಸ್ ಅತ್ತರಿನಲ್ಲಿ, ಲಾವಂಚದ ಅತ್ತರಿನಲ್ಲಿ, ಅದ್ದಿದ ಹತ್ತಿಯ ಉಂಡೆಯೊಂದು ಕಾಗದದಲ್ಲಿ ಸುತ್ತಿ ಇಟ್ಟಿದ್ದು ಸಿಕ್ಕಿತ್ತು. ಅದನ್ನು ಹಿಡಿದುಕೊಂಡು ಅವಳು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತಿದ್ದಳು. ಅಬ್ಬಾನಿಗೆ ನಾಚಿಕೆಯಾಗಿದೆಯೋ, ಮಗಳಿಗೆ ನಾಚಿಕೆಯಾಗದಿರಲಿ ಎಂದೋ? ಕೇಳಲಾಗಲಿಲ್ಲ. ಕೇಳಬೇಕಾದ್ದನ್ನು ಕೇಳದೆ, ಹೇಳಬೇಕಾದ್ದನ್ನು ಹೇಳದೆ ಇರುವುದು ತಮ್ಮ ಮನೆಯಲ್ಲೇ ಇದೆ ಅನ್ನಿಸಿತ್ತು ಆಗ. ಹೋದ ಗುರುವಾರ ಆದದ್ದಕ್ಕೆ ಅದೊಂದು ನೆವ ಆದೀತೇ?

ಹೋದ ಗುರುವಾರ ತಿಕೋಟಾದ ಹೊಲದಲ್ಲಿ ಅವಳು ಮೊಟ್ಟೆ ಎಣಿಸುತ್ತಿದ್ದಾಗ ಬದುವಿನ ಆಚೆಯಿಂದ ಮದೀನಾಬಿ ಬಂದಿದ್ದಳು. ಪ್ರಯೋಗಶಾಲೆಯ ಜೋಳದ ಯೋಜನೆಯವರು ಬೀರಣ್ಣ ಎಂಬವನ ಅರ್ಧ ಎಕರೆಯನ್ನು ಪ್ರಯೋಗಕ್ಕೆ ತೆಗೆದುಕೊಂಡಿದ್ದರು. ಅದಕ್ಕೆ ಹೊಂದಿಕೊಂಡೇ ಮದೀನಾಬಿಯ ಹೊಲ. ಗಂಡ ಚಮನಸಾಬ ತೀರಿಹೋಗಿ ಆರು ವರ್ಷವಾಗಿದ್ದರೂ ಅವಳು ಎತ್ತು ಮಾರಿರಲಿಲ್ಲ. ಎರಡು ವರ್ಷದ ಹಿಂದೆ ಹಸೀನಾ ಮೊದಲ ಸಲ ಆ ಹೊಲಕ್ಕೆ ಬಂದಾಗ, ಪ್ಯಾಂಟು ತೊಟ್ಟ ಸಾಹೇಬರ ನಡುವೆ ಸಲವಾರಿನ ಹುಡುಗಿಯೊಬ್ಬಳು ಮೊಳಕಾಲೂರಿ ಎಲೆಯ ಹಿಂಬದಿ ನೋಡುವುದನ್ನು ಕಂಡು ಮದೀನಾಬಿ ಅಲ್ಲೇ ಕುಳಿತು ಒಂದು ತಾಸು ನೋಡಿದ್ದಳು. ಅಂದಿನಿಂದ ಗುರುವಾರ ಗುರುವಾರ ಒಂದು ರೊಟ್ಟಿ ಹೆಚ್ಚಿಗೆ ಬಡಿದು ತರುತ್ತಿದ್ದಳು. ಹಸೀನಾ ಅವಳನ್ನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದಳು. ಸಲಾಂ, ಮನೆಯ ಕ್ಷೇಮ ಎಲ್ಲ ಮನೆಮಾತಾದ ಉರ್ದುವಿನಲ್ಲೇ ನಡೆಯುತ್ತಿತ್ತು. ಹೊಲದ ಮಾತು ಬಂದಿತೆಂದರೆ ಇಬ್ಬರ ನಾಲಿಗೆಯೂ ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು.

ಆ ದಿನ ರೊಟ್ಟಿ ತಂದಿರಲಿಲ್ಲ. ಬದುವಿನ ಮೇಲೆ ಕುಕ್ಕರಿಸಿ ಕುಳಿತು, ನನ್ನದು ತಪ್ಪಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದಳು. ಹಸೀನಾಗೆ ಅರ್ಥವಾಗಲಿಲ್ಲ. ಮದೀನಾಬಿ ತನ್ನ ಹೊಲದ ಕಡೆ ಕೈ ಮಾಡಿದಳು. ಬಿತ್ತಿ ಮೂರು ವಾರವಾಗಿದ್ದ ಜೋಳ, ಎಲೆಗಳು ಹಸಿರಾಗಿಯೇ ಇದ್ದವು, ನಡುವಿನ ಸುಳಿ ಮಾತ್ರ ಒಣಗಿ ಹುಲ್ಲುಕಡ್ಡಿಯ ಹಾಗೆ ನಿಂತಿತ್ತು. ಸಾಲಿಗೆ ಸಾಲು. ಹಿಡಿದೆಳೆದರೆ ಬುಡ ಕೊಳೆತ ಸುಳಿ ಕೈಗೇ ಬರುತ್ತಿತ್ತು. ಬಿತ್ತನೆಯ ಹೊತ್ತಿಗೇ ಬಬಲೇಶ್ವರದಲ್ಲಿ ಅವಳ ಅಣ್ಣ ಇಸ್ಮಾಯಿಲನ ಹೆಂಡತಿ ಸತ್ತಿದ್ದಳು. ಮದೀನಾಬಿಯೇ ಹೋಗಿ, ಹೆಣಕ್ಕೆ ಜಳಕ ಮಾಡಿಸಿ, ಚಿಕ್ಕ ಮಕ್ಕಳಿದ್ದ ಮನೆಯೆಂದು ನಾಲ್ಕು ವಾರ ಅಲ್ಲೇ ನಿಂತು, ಬಂದವಳೇ ಬಿತ್ತಿದ್ದಳು. ಎಲ್ಲರಿಗಿಂತ ತಿಂಗಳು ತಡವಾಗಿ. ಮಯ್ಯತ್ತು ತೊಳೆದ ಕೈಯಲ್ಲಿ ಬೀಜ ಮುಟ್ಟಿದರೆ ಇನ್ನೇನಾದೀತು ಎಂದು ನೆರೆಯ ನೀಲಾಬಾಯಿ ಅಂದಿದ್ದಳಂತೆ. ಅದನ್ನು ಮದೀನಾಬಿ ನಂಬಿದ್ದಳು. ತನ್ನ ಹೊಲದಲ್ಲಿ ಹುಟ್ಟಿದ ಈ ನೊಣವೇ ಬದು ದಾಟಿ ಹಸೀನಾಳ ಬೆಳೆಗೂ ಬಂದಿದೆ. ಎರಡು ವರ್ಷ ಬಿಸಿಲಲ್ಲಿ ಕುಳಿತು ಮಾಡಿದ ಕೆಲಸ ತನ್ನ ಕೈಗುಣದಿಂದ ಹಾಳಾಯಿತು. ಮದೀನಾಬಿ ಹೀಗೆ ಹೇಳುತ್ತ ಎರಡೂ ಅಂಗೈಯನ್ನು ಮೇಲೆ ಮಾಡಿ ಮೊಳಕಾಲ ಮೇಲಿಟ್ಟುಕೊಂಡಿದ್ದಳು. ಅವು ತನ್ನವಲ್ಲ, ಯಾರೋ ಇಟ್ಟುಹೋದವು ಎಂಬಂತೆ.

ಆಗಲೇ ಹೇಳಬಹುದಿತ್ತು. ನೊಣ ಕರೆತಂದವಳು ನಾನು ಎಂಬ ಮೂರೇ ಮಾತು. ಮೀನಿನ ಹಿಟ್ಟು ಉದುರಿಸುವ ಮೂರು ವಾರ ಮೊದಲೇ ನೊಣಕ್ಕೆ ಇಷ್ಟವಾಗುವ ಜೋಳವನ್ನು ಸುತ್ತ ನಾಲ್ಕು ಸಾಲು ಬಿತ್ತಿ, ನೊಣದ ಸಂಸಾರ ಬೆಳೆಸಿದ್ದಳು, ಅದು ಉಕ್ಕುವ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಮದೀನಾಬಿಯ ಎಳೆಯ ಜೋಳ ಮೊಳೆತಿತ್ತು. ಹೋದ ವರ್ಷ ಹೊತ್ತಿಗೆ ಬಿತ್ತಿದ್ದರಿಂದ ಅವಳ ಬೆಳೆ ಪಾರಾಗಿತ್ತು. ಲೆಕ್ಕ ಅಷ್ಟು ನಿಚ್ಚಳ. ಬಾಯಿ ತೆರೆದೂ ಇದ್ದಳು ಹಸೀನಾ. ಅಷ್ಟರಲ್ಲಿ ಅವಳ ಕಣ್ಣು ಆ ಒಣಗಿದ ಸಾಲುಗಳ ನಡುವೆ ಹಸಿರು ಸುಳಿ ಬಿಚ್ಚಿ ನಿಂತಿದ್ದ ಒಂದು ಗಿಡದ ಮೇಲೆ ಹೋಯಿತು. ಆಮೇಲೆ ಇನ್ನೊಂದು. ಒಟ್ಟು ಏಳು. ಎಲೆಯ ಹಿಂದೆ ಮೊಟ್ಟೆಯೊಡೆದ ಗುರುತಿತ್ತು, ಹುಳು ಒಳಗಿಳಿದಿತ್ತು, ಆದರೂ ಗಿಡ ಸತ್ತಿರಲಿಲ್ಲ. ಆ ಕ್ಷಣದಲ್ಲಿ ತನಗಾದದ್ದು ಸಂತೋಷ. ಎದುರಿಗೆ ಒಬ್ಬ ಹೆಂಗಸು ಅಂಗೈ ಚಾಚಿ ಕ್ಷಮೆ ಕೇಳುತ್ತಿದ್ದಾಗ ತನಗೆ ಸಂತೋಷವಾಗಿತ್ತು. ಈ ಬೀಜ ಎಲ್ಲಿಯದು ಎಂದಷ್ಟೇ ಕೇಳಿದ್ದಳು. ತವರಿನದು ಎಂದಳು ಮದೀನಾಬಿ. ಅಮ್ಮ ಸಾಯುವಾಗ ಕೊಟ್ಟದ್ದು. ಅಣ್ಣ ಹೊಸ ಬೀಜ ಹಿಡಿದು ಅದನ್ನು ಬಿಟ್ಟೇ ವರ್ಷಗಳಾದವು, ಇನ್ನೆಲ್ಲೂ ಇರಲಿಕ್ಕಿಲ್ಲ.

ಪ್ರಯೋಗಶಾಲೆಯ ಹಿರಿಯರಾದ ಗುರುರಾಜರಿಗೆ ಮರುದಿನವೇ ಎಲ್ಲ ಹೇಳಿದ್ದಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿಕೊಳ್ಳುತ್ತ, ಹೇಳಿ ಆಗುವುದಾದರೂ ಏನು, ಆಯಮ್ಮನ ಜೋಳ ತಿರುಗಿ ಬರುವುದಿಲ್ಲವಲ್ಲ ಎಂದಿದ್ದರು. ನಾಳೆ ಸುತ್ತಲಿನವರೆಲ್ಲ ಕೂಡಿ ಬಂದರೆ ಪ್ರಯೋಗವೇ ನಿಲ್ಲುತ್ತದೆ. ಆ ಏಳು ಗಿಡ ಮಾತ್ರ ಬಿಡಬಾರದು, ಬದಲಿಗೆ ಒಳ್ಳೆಯ ಬೀಜ ಕೊಟ್ಟು ಕೇಳಿ ತನ್ನಿ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಸೀನಾ ವಾರವಿಡೀ ಆ ಮಾತನ್ನು ಹಾಸಿಕೊಂಡು ಹೊದ್ದುಕೊಂಡು ನೋಡಿದಳು, ಎಲ್ಲಿಯೋ ಚುಚ್ಚುತ್ತಿತ್ತು.

ತಿಕೋಟಾದಲ್ಲಿ ಇಳಿದು ಹೊಲದ ದಾರಿ ಹಿಡಿದಾಗ ಬಿಸಿಲು ಏರಿತ್ತು. ಕರಿಮಣ್ಣು ಬಿರುಕು ಬಿಡತೊಡಗಿತ್ತು. ಮದೀನಾಬಿ ಹೊಲದಲ್ಲೇ ಇದ್ದಳು. ಸತ್ತ ಗಿಡ ಕಿತ್ತು ಸುಡಲು ಗುಂಪೆ ಮಾಡುತ್ತಿದ್ದಳು. ಏಳು ಗಿಡದ ಸುತ್ತ ಜಾಲಿಮುಳ್ಳು ನೆಟ್ಟಿದ್ದಳು. ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದು ಹಸೀನಾಗೆ ಮುಳ್ಳಿಗಾಗಿ ಎಂದೇ ತೋರಿತು. ಮಗಳು ನೂರಜಹಾನ ಬಾಣಂತನಕ್ಕೆ ಬಂದಿರುವುದು ಗೊತ್ತಿತ್ತು. ಮೊಮ್ಮಗ ಹೇಗಿದ್ದಾನೆ ಎಂದು ಕೇಳಿದಳು. ಚೆನ್ನಾಗಿದ್ದಾನೆ, ವಾರದಿಂದ ನಾನು ಎತ್ತಿಕೊಂಡಿಲ್ಲ ಎಂದಳು ಮದೀನಾಬಿ. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಬಾಯಿ ಕೇಳಿತು. ಮದೀನಾಬಿ ಬಟ್ಟೆ ಸುತ್ತಿದ ಕೈಯನ್ನು ಒಮ್ಮೆ ನೋಡಿಕೊಂಡು, ಹಚ್ಚಹಸಿರು ಸುಳಿ ಒಣಗಿಸಿದ ಕೈ, ಒಂದು ತಿಂಗಳ ಕೂಸು, ಹೆದರಿಕೆಯಾಗುತ್ತದೆ ಎಂದಳು. ನೂರಜಹಾನ ಎರಡು ದಿನ ಸಿಟ್ಟು ಮಾಡಿ ಈಗ ಸುಮ್ಮನಾಗಿದ್ದಾಳೆ. ಕೂಸು ಅತ್ತರೆ ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತೇನೆ. ಇಷ್ಟನ್ನು ಅವಳು ದೂರು ಹೇಳುವಂತೆ ಹೇಳಲಿಲ್ಲ. ಹವೆಯ ಸುದ್ದಿ ಹೇಳುವಂತೆ ಹೇಳಿ, ಮುಳ್ಳು ಸರಿಸಿ, ಹಸೀನಾ ಇನ್ನೂ ಏನನ್ನೂ ಕೇಳುವ ಮೊದಲೇ, ಇವು ಏಳೂ ನಿನಗೇ ಇಟ್ಟಿದ್ದೇನೆ, ನಿನ್ನ ಬೆಳೆ ಕೆಡಿಸಿದ್ದಕ್ಕೆ ಇಷ್ಟಾದರೂ ಆಗಲಿ, ಬೇರುಸಹಿತ ಒಯ್ಯಿ ಎಂದಳು.

ಹಸೀನಾ ಥರ್ಮಾಸನ್ನು ಕೆಳಗಿಟ್ಟಳು. ಒಳಗೆ ಮಂಜುಗಡ್ಡೆ ಸರಿದ ಸದ್ದಾಯಿತು.

"ಖಾಲಾ, ನೊಣಾ ನಿಮ್ಮ ಹೊಲದಾಗ ಹುಟ್ಟಿದ್ದಲ್ಲರಿ. ನಾ ತಂದೀನಿ."

ಮದೀನಾಬಿ ನಕ್ಕಳು. ಓದಿದವರ ಚೇಷ್ಟೆ ಎಂದುಕೊಂಡಿರಬೇಕು. ಹಸೀನಾ ಬದು ದಾಟಿ ಹೋಗಿ, ತನ್ನ ಸಾಲಿನ ಒಂದು ಹಿಡಿ ಮಣ್ಣನ್ನು ಮೀನಿನ ಹಿಟ್ಟಿನ ಸಮೇತ ಎತ್ತಿ ತಂದು ಅವಳ ಮುಂದೆ ಹಿಡಿದು ಎಲ್ಲ ಹೇಳಿದಳು. ಯಾಕೆ ಉದುರಿಸುತ್ತಾರೆ, ಯಾವಾಗ ಉದುರಿಸಿದರು, ನೊಣ ಎಷ್ಟು ದೂರ ಹಾರುತ್ತದೆ. ನಡುವೆ ಒಂದು ಕಡೆ ಪುಸ್ತಕದ ಮಾತು ನುಸುಳಿದಾಗ ತಡೆದು ಮತ್ತೆ ಹೊಲದ ಮಾತಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಮದೀನಾಬಿಯ ಮುಖದಲ್ಲಿ ನಗು ಎಲ್ಲಿ ನಿಂತಿತೆಂಬುದನ್ನು ಅವಳು ನೋಡಿದಳು. ಇಷ್ಟು ದಿನ ಗೊಬ್ಬರವೆಂದುಕೊಂಡಿದ್ದ ಆ ಹಿಟ್ಟಿನ ಮಣ್ಣನ್ನು ಮದೀನಾಬಿ ಮೂಸಿದಳು. ಆಮೇಲೆ ಹಸೀನಾಳ ಮಣಿಕಟ್ಟು ಹಿಡಿದು ಅವಳ ಕೈಯನ್ನೂ ಮೂಸಿದಳು.

"ಹೋದ ವಾರ ನಾ ತಪ್ಪಾತು ಅಂದಾಗ ನಿನಗ ಇದು ಗೊತ್ತಿತ್ತೇನು?"

"ಗೊತ್ತಿತ್ತರಿ."

"ಗೊತ್ತಿದ್ದೂ ಸುಮ್ಮ ಕುಂತಿದ್ದಿ."

ಹಸೀನಾ ಕೈಯ ಮಣ್ಣನ್ನು ಕೆಳಗೆ ಉದುರಿಸಿದಳು. ಹೇಳಲು ಗುರುರಾಜರ ಮಾತಿತ್ತು, ಪ್ರಯೋಗ ನಿಲ್ಲುತ್ತದೆ ಎಂಬುದಿತ್ತು, ಇಡೀ ಜಿಲ್ಲೆಯ ಜೋಳಕ್ಕೆ ಮುಂದೆ ಒಳಿತಾಗುತ್ತದೆ ಎಂಬುದೂ ಇತ್ತು. ಯಾವುದೂ ಆ ಬಟ್ಟೆ ಸುತ್ತಿದ ಕೈಯ ಮುಂದೆ ನಿಲ್ಲುವಂಥದ್ದಾಗಿರಲಿಲ್ಲ.

"ಬೆಳಿ ಹೋದದ್ದು ಹೋತು. ಎಂಟು ದಿವಸ ನಾ ಈ ಕೈ ನೋಡಿಕೋತ ಕುಂತೇನಿ. ನಮ್ಮ ಭಾಬಿ ಸತ್ತಾಗ ಮೈ ತೊಳದದ್ದು ತಪ್ಪಾತೇನೋ ಅಂತ ಸತ್ತಾಕಿ ಮ್ಯಾಲೂ ಸಿಟ್ಟ ಮಾಡಿನಿ."

ಅಷ್ಟು ಹೇಳಿ ಕೈಯ ಬಟ್ಟೆ ಬಿಚ್ಚಿ ಅಲ್ಲೇ ಒಗೆದು ಊರ ಕಡೆ ನಡೆದಳು. ಮುಳ್ಳನ್ನು ಮತ್ತೆ ಮುಚ್ಚಲಿಲ್ಲ, ಹಿಂದೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಹಸೀನಾ ಹತ್ತು ಹೆಜ್ಜೆ ಬಿಟ್ಟು ಹಿಂಬಾಲಿಸಿದಳು. ಮನೆಯ ಮುಂದೆ ಮದೀನಾಬಿ ಗಡಿಗೆಯ ನೀರು ಬಗ್ಗಿಸಿಕೊಂಡು ಮೊಳಕೈವರೆಗೆ ತೊಳೆದುಕೊಂಡಳು, ಮಣ್ಣು ಹೋಗುವಷ್ಟು ಮಾತ್ರ. ಒಳಗೆ ಹೋದಳು. ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ನೂರಜಹಾನ ತೊಟ್ಟಿಲ ಪಕ್ಕದಲ್ಲಿ ಕುಳಿತು ಕುಲಾವಿ ಹೊಲಿಯುತ್ತಿದ್ದಳು. ಮದೀನಾಬಿ ಬಗ್ಗಿ, ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಬೆನ್ನ ಕೆಳಗೆ ಕೊಟ್ಟು, ಮಲಗಿದ್ದ ಕೂಸನ್ನು ಎತ್ತಿದಳು. ಕೂಸು ಎಚ್ಚರವಾಗಿ ಮುಖ ಕಿವುಚಿತು, ಅಳಲಿಲ್ಲ. ನೂರಜಹಾನ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಾಯಿಯನ್ನು ನೋಡಿದಳು. ಮದೀನಾಬಿ ಕೂಸಿನ ಹೊಟ್ಟೆಯ ಮೇಲೆ ಮುಖವಿಟ್ಟು ಬಹಳ ಹೊತ್ತು ನಿಂತಳು. ಅಂಗಳದಲ್ಲಿದ್ದ ಹಸೀನಾಗೆ ಯಾರೂ ಕೂರಲು ಹೇಳಲಿಲ್ಲ. ಅವಳು ಮತ್ತೆ ಹೊಲಕ್ಕೆ ಹೋಗಿ ಮುಳ್ಳನ್ನು ಇದ್ದ ಹಾಗೇ ಸುತ್ತ ನೆಟ್ಟು, ಗಿಡ ಮುಟ್ಟದೆ, ಎರಡು ಗಂಟೆಯ ಬಸ್ಸು ಹಿಡಿದಳು. ಥರ್ಮಾಸಿನಲ್ಲಿ ಮಂಜುಗಡ್ಡೆ ಕರಗಿ ನೀರು ತುಂಬಿಕೊಂಡಿತ್ತು.

ಹಸೀನಾ ಹೇಳಿದ್ದನ್ನು ಕೇಳಿ ಗುರುರಾಜರು ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ದಿನ ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ವರದಿಯಲ್ಲಿ, ನಮ್ಮ ಪ್ರಯೋಗದ ಕಾರಣದಿಂದ ಪಕ್ಕದ ಹೊಲಕ್ಕೆ ಹಾನಿಯಾಗಿದೆ, ಮುಂದೆ ಊರಿನಿಂದ ದೂರದ ಜಾಗ ಹಿಡಿಯತಕ್ಕದ್ದು ಎಂದು ತಾವೇ ಬರೆದು ಸಹಿ ಮಾಡಿದರು. ಅದನ್ನು ಅವಳಿಗೆ ತೋರಿಸಲಿಲ್ಲ. ಮೇಜಿನ ಮೇಲೆ ಕಾಣುವಂತೆ ಬಿಟ್ಟು ಊಟಕ್ಕೆ ಹೋದರು.

ಗುರುವಾರಗಳು ಬಂದವು. ಹಸೀನಾ ತನ್ನ ಎಣಿಕೆ ಮುಗಿಸಿ ಬಾವಿಯಿಂದ ಎರಡು ಕೊಡ ನೀರು ಹೊತ್ತು ಆ ಏಳು ಗಿಡಕ್ಕೆ ಹಾಕುತ್ತಿದ್ದಳು. ಕೊಡ ಹೊತ್ತು ರೂಢಿಯಿಲ್ಲದೆ ಅರ್ಧ ನೀರು ಮೈಮೇಲೆ ಚೆಲ್ಲುತ್ತಿತ್ತು. ಮದೀನಾಬಿ ಆಚೆ ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ಬೇಡ ಅನ್ನಲಿಲ್ಲ, ಮಾತೂ ಆಡಲಿಲ್ಲ. ನಾಲ್ಕನೆಯ ವಾರ, ಹಸೀನಾ ಎರಡನೆಯ ಕೊಡ ಇಳಿಸುವಾಗ, ಅತ್ತ ನೋಡುತ್ತಲೇ ಮದೀನಾಬಿ ಅಂದಳು:

"ಒಂದೊಂದ ಎಲಿ ಹರಕೋ. ಸುಳಿ ಮುಟ್ಟಬ್ಯಾಡ."

ಏಳು ಎಲೆಗಳನ್ನು ಮಂಜುಗಡ್ಡೆಯಲ್ಲಿಟ್ಟು ತಂದಳು. ಅರೆದಳು. ಪಿಷ್ಟದ ಹಲಗೆಯ ಮೇಲೆ ಸತ್ತ ಗಿಡದ ರಸ ಒಂದು ಕಡೆ, ಉಳಿದವುಗಳ ರಸ ಒಂದು ಕಡೆ ಬಿಟ್ಟಳು. ಬಣ್ಣ ಹಾಕಿ, ತೊಳೆದು, ಬೆಳಕಿಗೆ ಹಿಡಿದು ನೋಡಿದಳು. ಪಟ್ಟಿಗಳು ಅಚ್ಚುಕಟ್ಟಾಗಿ ಮೂಡಿದ್ದವು, ಎರಡೂ ಕಡೆ ಒಂದೇ ತೆರನಾಗಿ. ಮತ್ತೆ ಮಾಡಿದಳು. ಮೂರನೆಯ ಸಲ ಮಾಡಿದಳು. ಹೆಚ್ಚಿನ ಪಟ್ಟಿ ಯಾವುದೂ ಇರಲಿಲ್ಲ. ಉಳಿಸಿದ್ದು ಬೇರೆ ಏನೋ. ಎಲೆಯ ಮೇಲಿನ ತುಪ್ಪಳವೋ, ಮೊಳೆತ ದಿನವೋ, ಬರೀ ಅದೃಷ್ಟವೋ. ಎರಡು ವರ್ಷ ನಂಬಿದ್ದು ಕೈಯಲ್ಲೇ ಕರಗಿದರೂ ಅವಳಿಗೆ ತಾನು ಅಂದುಕೊಂಡಷ್ಟು ದುಃಖವಾಗಲಿಲ್ಲ. ಆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಬ್ಬಾನ ಪಕ್ಕದಲ್ಲಿ ಹೋಗಿ ಕುಳಿತು, ನನ್ನ ಮೈ ನಾತಕ್ಕೆ ನಿಮಗೆ ನಾಚಿಕೆಯಾಗುತ್ತದೆಯೇ ಎಂದು ಕೇಳಿಯೇಬಿಟ್ಟಳು. ಸೈಫುದ್ದೀನರು ಶೀಶೆಗೆ ಬಿರಡೆ ಹಾಕುತ್ತ, ಬಸ್ಸಿನಲ್ಲಿ ನಿನಗೆ ಯಾರಾದರೂ ಏನಾದರೂ ಅಂದಾರೇನೋ ಎಂದು ಹೆದರಿಕೆಯಾಗುತ್ತದೆ, ಅಷ್ಟೇ ಎಂದರು.

ಜನವರಿಯ ಕೊನೆಯ ಗುರುವಾರ ಅವಳು ತಿಕೋಟಾಕ್ಕೆ ಹೋದಾಗ ಹೊಲದ ಮೂಲೆಯಲ್ಲಿ ಸಣ್ಣಗೆ ಹೊಗೆಯಾಡುತ್ತಿತ್ತು. ಏಳೂ ಗಿಡ ತೆನೆ ಬಿಟ್ಟು ಹಾಲುಗಾಳು ಕಟ್ಟಿದ್ದವು. ಆರು ತೆನೆಗೆ ಹಕ್ಕಿ ಮುಟ್ಟದಂತೆ ಬಟ್ಟೆ ಕಟ್ಟಿತ್ತು. ಇವು ಬಲಿಯಲಿ, ನಿನಗೆ ಮೂರು, ನನಗೆ ಮೂರು ಎಂದಳು ಮದೀನಾಬಿ. ಏಳನೆಯದನ್ನು ಕೊಯ್ದು, ಎಳೆಗಾಳಿನ ಸೀತನಿ ತಿನ್ನಲೆಂದು ಸಗಣಿಕುಳ್ಳಿನ ಕೆಂಡದಲ್ಲಿ ಸುಡುತ್ತಿದ್ದಳು. ನೂರಜಹಾನಳೂ ಬಂದಿದ್ದಳು, ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಮದೀನಾಬಿ ಅದನ್ನು ಮಗಳ ಕೈಗೆ ಕೊಟ್ಟು, ಸುಟ್ಟ ತೆನೆಯನ್ನು ಅಂಗೈ ನಡುವೆ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬಟ್ಟೆಯ ಮೇಲೆ ಸುರಿದಳು. ಒಂದು ಬೊಗಸೆಯೂ ಇರಲಿಲ್ಲ.

ಬಸ್ಸಿನುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಹಸೀನಾಗೆ ಮರೆತೇಹೋಯಿತು.

"ಖಾಲಾ, ನಾ ಹುಡಿಕಿದ್ದು ಇದರಾಗ ಸಿಗಲಿಲ್ಲರಿ."

"ಮತ್ತ ಹ್ಯಾಂಗ ಉಳದಾವು ಇವು?"

"ಗೊತ್ತಿಲ್ಲರಿ."

ಮದೀನಾಬಿ ಅವಳ ಮುಖವನ್ನು ನೋಡಿದಳು. ನವೆಂಬರಿನ ಆ ದಿನದಿಂದ ಈಚೆಗೆ ನೇರವಾಗಿ ನೋಡಿದ್ದು ಇದೇ ಮೊದಲು.

"ಗೊತ್ತಿಲ್ಲ ಅಂತ ಹೇಳಾಕ ಇಷ್ಟು ದೂರ ಬಂದೀ?"

"ಹೂಂ."

ಮದೀನಾಬಿ ಬಟ್ಟೆಯ ಮೇಲಿನ ಕಾಳನ್ನು ಬೆರಳಿನಿಂದ ಮೂರು ಪಾಲು ಮಾಡಿದಳು. ಒಂದು ಪಾಲು ಸ್ವಲ್ಪ ದೊಡ್ಡದಾಯಿತು. ಅದನ್ನು ಹಸೀನಾಳ ಕಡೆಗೆ ಸರಿಸಿದಳು.

"ತಿನ್ನ ಬೇ, ಆರತಾವ."